ಎರಿ ಮಂದಿಗೆ ಮಸಾರಿ ಗುಡ್ಡ

ಧಾರವಾಡ ಜಿಲ್ಲೆಯ ಶಲವಡಿಯ ಎರಿ (ಕಪ್ಪು ಮಣ್ಣಿನ) ಹೊಲದಾಗ ನಿಂತರೆ ಹೊಡಮರಳಿ ಎತ್ತ ನೋಡಿದರೂ ಬಯಲೇ. ಇಂಥ ಊರವರಿಗೆ ಗುಡ್ಡ ಹತ್ತುವ ಹುಕಿ ಬಂದರೆ ಗದಗ ದಾಟಿ ಕಪ್ಪತಗುಡ್ಡಕ್ಕೆ ಹೋಗಬೇಕು. 'ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು' ಅನ್ನುವ ಮಾತು ಉತ್ಪ್ರೇಕ್ಷೆಯೇ ಇರಬಹುದು, ನನಗಂತೂ ಒಪ್ಪಿಗೆ.

ಇದು ಮಲೆನಾಡಿನ ಗುಡ್ಡವಲ್ಲ; ಮಸಾರಿ, ಅಂದರೆ ಕೆಂಪು ಮಣ್ಣಿನ ಗುಡ್ಡ. ನೆರಳು ಕಡಿಮೆ, ಹುಲ್ಲು, ಕುರುಚಲು, ಮುಳ್ಳುಕಂಟಿ, ನಡುನಡುವೆ ಔಷಧಿ ಗಿಡಗಳು. ಕಾಲ್ದಾರಿಯಲ್ಲಿ ಒಂದು ಕಲ್ಲನ್ನು ಎತ್ತಿ ನೋಡಿ: ಕೆಂಪು, ಕಪ್ಪು ಪಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ, ಗಾತ್ರಕ್ಕೆ ಮೀರಿದ ಭಾರ. ಅದು ಕಬ್ಬಿಣದ ಅದಿರು. ಅದಕ್ಕಾಗಿಯೂ, ಇಲ್ಲಿನ ಚಿನ್ನಕ್ಕಾಗಿಯೂ ಗಣಿಯವರ ಕಣ್ಣು ಈ ಗುಡ್ಡದ ಮೇಲೆ. 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಪಟ್ಟ ಮರುವರ್ಷವೇ ರದ್ದಾದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಜನರೊಂದಿಗೆ ಬೀದಿಗಿಳಿದರು; 2017ರಲ್ಲಿ ಅದು ಮರಳಿ ಬಂತು, 2019ರಲ್ಲಿ ವನ್ಯಧಾಮವೂ ಆಯಿತು. ತೋಳ, ಕತ್ತೆಕಿರುಬಗಳ ನೆಲೆ ಹೀಗೆ ಉಳಿಯಿತು.

ಮೇಲೆ ಗಾಳಿಗುಂಡಿ ಬಸವಣ್ಣನ ಗುಡಿಯ ಹತ್ತಿರ ಗಾಳಿ ಟೊಪ್ಪಿಗೆಯನ್ನು ತಲೆ ಮೇಲೆ ನಿಲ್ಲಗೊಡುವುದಿಲ್ಲ. ಗಾಳಿಯಂತ್ರಗಳ ಸಾಲು ನೋಡಿದರೆ ಆ ಹೆಸರು ಸುಮ್ಮನೆ ಬಂದಿಲ್ಲ ಅನಿಸುತ್ತದೆ. (ಆ ಯಂತ್ರಗಳು ನನ್ನ ಕಣ್ಣಿಗೆ ಅಷ್ಟು ಹಿಡಿಸುವುದಿಲ್ಲ.)

ಹೋಗುವುದಾದರೆ ಮಳೆಗಾಲ ಮುಗಿಯುತ್ತಲೇ ಹೋಗಿ. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ, ನಸುಕಿನಲ್ಲೇ ಏರಲು ಶುರುಮಾಡಿ. ಕಟಿರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಸಾಕು, ನೀರು ಮಾತ್ರ ಧಾರಾಳ ಇರಲಿ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುವುದು ಇಲ್ಲಿ ವರ್ಷವರ್ಷದ ಗೋಳು. ಬೀಡಿ ಸೇದುವವರು ಕಡ್ಡಿಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಬರಲಿ.