ಗಾಳದ ನೆನಪು, ಒಲೆಯ ನೆನಪು

ಬಾಲ್ಯದಲ್ಲಿ ಕಾಲುವೆಗಿಳಿದು ಮೀನು ಹಿಡಿದ ಕತೆ ನಮ್ಮ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎರೆಹುಳು, ಗಾಳ, ಕೆಸರು, ಅಪ್ಪನ ಬೈಗುಳ, ಕೊನೆಗೊಂದು ನಿಟ್ಟುಸಿರು. ಓದಲು ಹಿತ. ಆದರೆ ಗೆಳೆಯರೇ, ಆ ಮೀನು ಮನೆಗೆ ಬಂದ ಮೇಲೆ ಏನಾಯ್ತು ಅಂತ ಹೆಚ್ಚಿನವರು ಹೇಳೋದೇ ಇಲ್ಲ.

ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ (1991) ಗಾಳ ಹಾಕುವುದು ನಿಸರ್ಗದ ಕುತೂಹಲಕ್ಕೆ ದಾರಿ. ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆ ಕುತೂಹಲವೂ ಇಲ್ಲದೆ ಬರೀ ಹಂಬಲ ಬರೆಯುವವರ ಮೇಲೆ. ಭೂಮಿಯಿಲ್ಲದ ಮನೆಯ ಹುಡುಗನಿಗೆ ಮೀನು ಆಟವಲ್ಲ, ರಾತ್ರಿಯ ಸಾರು. ನೀರಿಗಿಟ್ಟ ಕೂಳಿ ಖಾಲಿ ಬಂದರೆ ಬರೀ ಗಂಜಿ.

ಕಾರವಾರ ತಾಲೂಕಿನ ಕದ್ರಾವನ್ನೇ ನೋಡಿ. ಮುಂಗಾರು ಹಿಡಿದಾಗ ಮೀನು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಹತ್ತುತ್ತದೆ. ಮಕ್ಕಳ ಮೀನುಬೇಟೆ ನಿಂತಿರುವುದು ಈ ದಾರಿಯ ಮೇಲೆ. 1990ರ ದಶಕದಲ್ಲಿ ಇಲ್ಲಿ ಕಾಳಿ ನದಿಗೆ ಅಣೆಕಟ್ಟು ಬಂತು. ತಲಾ 50 ಮೆಗಾವ್ಯಾಟಿನ ಮೂರು ಯಂತ್ರ, ಒಟ್ಟು 150. ಮೇಲೆ ಗದ್ದೆ, ಹಳ್ಳ ಮುಳುಗಿದವು. ಕೆಳಗೆ ಹೊಳೆ ಮಳೆಯ ಮಾತಿಗಿಂತ ಯಂತ್ರದ ಮಾತು ಕೇಳುತ್ತದೆ. 2019ರ ಆಗಸ್ಟ್‌ನಲ್ಲಿ ಗೇಟು ತೆರೆದಾಗ ಕೆಳಗಿನ ಊರುಗಳ ಮನೆಗಳಿಗೇ ನೀರು ನುಗ್ಗಿತು.

ಈಗ ಕದ್ರಾದ ಬಾಲ್ಯ ಬರೆಯುವವನು ‘ಆ ಕಾಲ ಹೋಯಿತು’ ಅಂದರೆ ಸಾಲದು. ಕಾಲ ತಾನಾಗಿ ಹೋಗಲಿಲ್ಲ. ಹಳ್ಳ ಮುಳುಗಿಸಲು ಯಾರೋ ತೀರ್ಮಾನ ಮಾಡಿದರು. ಆಗ ಕೂಳಿ ಇಡುವವರ ಮಾತಿಗೆ ಎಷ್ಟು ಬೆಲೆಯಿತ್ತು? ಇದನ್ನು ಕೇಳದ ನೆನಪು ಅರ್ಧ ನೆನಪು.

ಮೇಷ್ಟ್ರೇ, ಮಕ್ಕಳಿಂದ ಮೀನು ಹಿಡಿದ ಪ್ರಬಂಧ ಬರೆಸಿ. ಜೊತೆಗೆ ಇಷ್ಟು ಕೇಳಿ: ಆ ನೀರು ಆಗ ಯಾರದಾಗಿತ್ತು, ಈಗ ಯಾರದು?