ರಾಜೀನಾಮೆ ಎಂಬ ಪದಕ್ಕೆ ಎರಡು ಅರ್ಥ

ಕೆಲಸ ಬಿಡುವವರು ಬರೆದುಕೊಡುವ ಪತ್ರವನ್ನು ಕನ್ನಡದಲ್ಲಿ ರಾಜೀನಾಮೆ ಎನ್ನುತ್ತೇವೆ. ಪದ ಬಂದದ್ದು ಪಾರಸಿಯಿಂದ. ಆದರೆ ಉರ್ದುವಿನಲ್ಲಿ ಕೆಲಸ ಬಿಡುವುದಕ್ಕೆ ಇಸ್ತೀಫಾ ಎಂಬ ಬೇರೆಯೇ ಪದವಿದೆ. ಅಲ್ಲಿ ರಾಜೀನಾಮಾ ಎಂದರೆ ಜಗಳವಾಡಿದ ಎರಡು ಪಕ್ಷದವರು ರಾಜಿಯಾಗಿ ಬರೆದುಕೊಳ್ಳುವ ಕಾಗದ. ಎರಡೂ ಭಾಷೆಗಳಲ್ಲಿ ಓದಿದವರಿಗೆ ಈ ತಮಾಷೆ ಗೊತ್ತು: ಒಂದು ಕಡೆ ಕೂಡುವ ಪತ್ರ, ಇನ್ನೊಂದು ಕಡೆ ಬಿಡುವ ಪತ್ರ. ಇಂಗ್ಲೆಂಡಿನ ಕಾದಂಬರಿಕಾರ ಡೇವಿಡ್ ಪೀಸ್ 2006ರಲ್ಲಿ ಪ್ರಕಟಿಸಿದ 'ದಿ ಡ್ಯಾಮ್ಡ್ ಯುನೈಟೆಡ್' ಕಾದಂಬರಿಯಲ್ಲಿ ಒಂದು ರಾಜೀನಾಮೆಯ ಪ್ರಸಂಗವಿದೆ. ಅದನ್ನು ಬರೆದವನ ಮನಸ್ಸಿನಲ್ಲಿದ್ದದ್ದು ಉರ್ದು ಅರ್ಥ. ತೆಗೆದುಕೊಂಡವರು ಓದಿದ್ದು ಕನ್ನಡದ ಅರ್ಥ.

ಬರೆದವನು ಬ್ರಯಾನ್ ಕ್ಲಫ್. ಡರ್ಬಿ ಕೌಂಟಿ ಎಂಬ ಫುಟ್ಬಾಲ್ ಕ್ಲಬ್ಬಿನ ಮ್ಯಾನೇಜರ್. ನಮ್ಮಲ್ಲಿ ಕ್ರಿಕೆಟ್ ತಂಡದ ಜೊತೆ ಪ್ರವಾಸ ಹೋಗುವ ಮ್ಯಾನೇಜರ್ ಎಂದರೆ ಟಿಕೆಟ್ಟು, ಹೋಟೆಲು, ಸಾಮಾನು ನೋಡಿಕೊಳ್ಳುವವನು. ಇಂಗ್ಲೆಂಡಿನ ಫುಟ್ಬಾಲಿನಲ್ಲಿ ಆ ಕಾಲಕ್ಕೆ ಮ್ಯಾನೇಜರ್ ಎಂದರೆ ತಂಡ ಆರಿಸುವವನು, ಆಟ ಕಲಿಸುವವನು, ಆಟಗಾರರನ್ನು ಕೊಳ್ಳುವವನು, ಮಾರುವವನು, ಎಲ್ಲವೂ ಅವನೇ. ಅವನ ಮೇಲೆ ಕ್ಲಬ್ಬಿನ ಷೇರು ಹೊಂದಿದ ಊರಿನ ವ್ಯಾಪಾರಿಗಳ ಆಡಳಿತ ಮಂಡಳಿ ಇರುತ್ತಿತ್ತು. ದುಡ್ಡು ಇವರದು, ಹೆಸರು ಅವನದು. ಜಗಳಕ್ಕೆ ಇನ್ನೇನು ಬೇಕು?

ಕ್ಲಫ್ ಮೊದಲು ಗೋಲು ಹೊಡೆಯುವ ಆಟಗಾರನಾಗಿದ್ದ. 274 ಲೀಗ್ ಪಂದ್ಯಗಳಲ್ಲಿ 251 ಗೋಲು. 1962ರ ಕ್ರಿಸ್‌ಮಸ್ಸಿನ ಮರುದಿನ ಮೊಣಕಾಲು ಮುರಿಯಿತು, ಆಟ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಗೆಳೆಯ ಪೀಟರ್ ಟೇಲರ್‌ನನ್ನು ಜೊತೆಗೆ ಕರೆದುಕೊಂಡು 1967ರಲ್ಲಿ ಡರ್ಬಿಗೆ ಬಂದ. ಆಗ ಅದು ಎರಡನೇ ದರ್ಜೆಯಲ್ಲಿ ತೆವಳುತ್ತಿದ್ದ ಕ್ಲಬ್. 1969ರಲ್ಲಿ ಮೊದಲ ದರ್ಜೆಗೆ ಏರಿತು. 1972ರಲ್ಲಿ 58 ಅಂಕ ಪಡೆದು ಇಡೀ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ ಮೂರಕ್ಕೂ 57. ಡರ್ಬಿಯ ಪಂದ್ಯಗಳು ಮೊದಲೇ ಮುಗಿದಿದ್ದವು. ಪ್ರತಿಸ್ಪರ್ಧಿಗಳು ಕೊನೆಯ ಪಂದ್ಯಗಳಲ್ಲಿ ಎಡವಿದ ಸುದ್ದಿ ಬಂದಾಗ ಆಟಗಾರರು ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ರಜೆಯಲ್ಲಿದ್ದರು, ಕ್ಲಫ್ ಕುಟುಂಬದ ಜೊತೆ ಸಿಲ್ಲಿ ದ್ವೀಪಗಳಲ್ಲಿದ್ದ. ಮರುವರ್ಷ ಯುರೋಪಿಯನ್ ಕಪ್ಪಿನ ಸೆಮಿಫೈನಲ್‌ವರೆಗೂ ಹೋಗಿ ಯುವೆಂಟಸ್‌ಗೆ ಸೋತರು.

ಅಷ್ಟರಲ್ಲಿ ಕ್ಲಫ್‌ನ ಬಾಯಿ ಅವನ ತಂಡಕ್ಕಿಂತ ಪ್ರಸಿದ್ಧವಾಗಿತ್ತು. ಟೆಲಿವಿಷನ್ನಿನಲ್ಲಿ ಕುಳಿತು ಬೇರೆ ಕ್ಲಬ್ಬುಗಳನ್ನು, ಫುಟ್ಬಾಲ್ ಸಂಸ್ಥೆಯ ದೊಡ್ಡವರನ್ನು ಬಯ್ಯುತ್ತಿದ್ದ. 1972ರಲ್ಲಿ ಡೇವಿಡ್ ನಿಶ್ ಎಂಬ ಆಟಗಾರನಿಗೆ 2,25,000 ಪೌಂಡ್ ಕೊಡಿಸಿದ. ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಅದು ದಾಖಲೆ. ಅಧ್ಯಕ್ಷ ಸ್ಯಾಮ್ ಲಾಂಗ್ಸನ್ ಲಾರಿ ಸಾಗಣೆಯಲ್ಲಿ ದುಡ್ಡು ಮಾಡಿದವನು, ಒಂದು ಕಾಲಕ್ಕೆ ಕ್ಲಫ್‌ನನ್ನು ಮಗನಂತೆ ನೋಡಿಕೊಂಡವನು. ಅವನೇ ಈಗ ಟೆಲಿವಿಷನ್ ಬಿಡು, ಪತ್ರಿಕೆಗೆ ಬರೆಯುವುದು ಬಿಡು ಎಂದ. 1973ರ ಅಕ್ಟೋಬರ್ ಮಧ್ಯದಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಅವರ ಮೈದಾನದಲ್ಲೇ ಸೋಲಿಸಿ ಬಂದ ಎರಡು ದಿನಕ್ಕೆ, ಕ್ಲಫ್ ಮತ್ತು ಟೇಲರ್ ರಾಜೀನಾಮೆ ಕೊಟ್ಟರು. ಮಂಡಳಿ ಅದನ್ನು ಅಂಗೀಕರಿಸಿಬಿಟ್ಟಿತು.

ನಮ್ಮ ಊರುಗಳಲ್ಲಿ ಇದು ಅಪರಿಚಿತ ದೃಶ್ಯವೇನಲ್ಲ. ಜಮಾಅತ್ ಕಮಿಟಿಯಲ್ಲೋ ಅಂಜುಮನ್ನಿನಲ್ಲೋ ಕನ್ನಡ ಸಂಘದಲ್ಲೋ ಒಬ್ಬ ಅಧ್ಯಕ್ಷರಿರುತ್ತಾರೆ. ಕಟ್ಟಡ ಕಟ್ಟಿಸಿದವರು ಅವರೇ, ಶಾಲೆ ತೆರೆದವರು ಅವರೇ. ಪ್ರತಿ ಸರ್ವಸದಸ್ಯರ ಸಭೆಯಲ್ಲೂ ಲೆಕ್ಕ ಕೇಳುವ ಹುಡುಗನೊಬ್ಬ ಎದ್ದು ನಿಂತ ಕೂಡಲೇ ಅವರು ಜೇಬಿನಿಂದ ಕಾಗದ ತೆಗೆಯುತ್ತಾರೆ. ಹತ್ತು ಜನ ಓಡಿಬಂದು 'ಸಾಹೇಬರೇ, ಬೇಡ' ಎಂದು ಕೈ ಹಿಡಿಯುತ್ತಾರೆ. ಕಾಗದ ಮತ್ತೆ ಜೇಬಿಗೆ, ಹುಡುಗ ಕೂರುತ್ತಾನೆ, ಚಹಾ ಬರುತ್ತದೆ. ಲೆಕ್ಕದ ಮಾತು ಮುಂದಿನ ವರ್ಷಕ್ಕೆ. ಡರ್ಬಿಯಲ್ಲಿ ಯಾರೂ ಕೈ ಹಿಡಿಯಲಿಲ್ಲ, ವ್ಯತ್ಯಾಸ ಅಷ್ಟೇ. ಹಿಡಿಯಲು ಬಂದವರೆಲ್ಲ ಬಾಗಿಲಿನ ಹೊರಗಿದ್ದರು: ಊರಿನ ಜನ, ಆಟಗಾರರು. ಆಟಗಾರರು ಸಹಿ ಹಾಕಿ ಪತ್ರ ಕೊಟ್ಟರು, ಆಡುವುದಿಲ್ಲ ಎಂದು ಬೆದರಿಸಿದರು. ಜನ ಸಭೆ ಸೇರಿದರು, ಮೆರವಣಿಗೆ ಹೊರಟರು. ಆ ವಾರದಲ್ಲೇ ಕ್ಲಫ್ ಟೆಲಿವಿಷನ್ನಿನಲ್ಲಿ ಕುಳಿತು ಇಂಗ್ಲೆಂಡಿನ ಎದುರು ಆಡಲು ಬಂದಿದ್ದ ಪೋಲೆಂಡಿನ ಗೋಲ್‌ಕೀಪರನನ್ನು ವಿದೂಷಕ ಎಂದು ಹೀಯಾಳಿಸಿದ. ಆ ಗೋಲ್‌ಕೀಪರ್ ಒಂದೇ ಗೋಲು ಬಿಟ್ಟುಕೊಟ್ಟು ಪಂದ್ಯ 1-1 ಆಗಿ, ಇಂಗ್ಲೆಂಡ್ 1974ರ ವಿಶ್ವಕಪ್ಪಿನಿಂದಲೇ ಹೊರಬಿತ್ತು.

ಪೀಸ್ ಈ ಕತೆಯನ್ನು ನೇರವಾಗಿ ಹೇಳುವುದಿಲ್ಲ. ಕಾದಂಬರಿಯಲ್ಲಿ ಎರಡು ಎಳೆಗಳಿವೆ. ಒಂದು 1974ರ ಬೇಸಿಗೆಯಲ್ಲಿ ಕ್ಲಫ್ ಲೀಡ್ಸ್ ಯುನೈಟೆಡ್‌ನಲ್ಲಿ ಕಳೆದ ಬರೀ 44 ದಿನಗಳದು. ತಾನು ಬಹಿರಂಗವಾಗಿ ಬಯ್ದಿದ್ದ ಕ್ಲಬ್ಬಿಗೇ, ತಾನು ದ್ವೇಷಿಸುತ್ತಿದ್ದ ಡಾನ್ ರೆವಿಯ ಕುರ್ಚಿಗೇ ಬಂದು ಕೂತಿದ್ದ. ಆರು ಲೀಗ್ ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು ಹೊರಬಿದ್ದ. ಈ ಎಳೆ 'ನಾನು' ಎಂದು ಸಾಗುತ್ತದೆ. ಇನ್ನೊಂದು ಎಳೆ ಮೊಣಕಾಲು ಮುರಿದ ದಿನದಿಂದ ಡರ್ಬಿಯವರೆಗಿನದು. ಅದು 'ನೀನು' ಎಂದು ಸಾಗುತ್ತದೆ. ಯಶಸ್ಸಿನ ದಿನಗಳನ್ನು ಸೋಲಿನಲ್ಲಿ ಕೂತವನು ತನಗೆ ತಾನೇ ಹೇಳಿಕೊಳ್ಳುವ ಈ ಕ್ರಮ ತುಂಬ ಪರಿಣಾಮಕಾರಿಯಾಗಿದೆ. ರೆವಿಯ ಮೇಜನ್ನು ಕೊಡಲಿಯಿಂದ ಕಡಿದು ಸುಡುವ ದೃಶ್ಯವನ್ನು ಓದಿದವರು ಮರೆಯಲಾರರು. ಕುಡಿತ, ಬೈಗುಳ, ನಿದ್ದೆಯಿಲ್ಲದ ರಾತ್ರಿಗಳು. ವಾಕ್ಯಗಳು ಗೋಡೆಗೆ ತಲೆ ಚಚ್ಚಿಕೊಂಡಂತೆ ಮತ್ತೆ ಮತ್ತೆ ಬರುತ್ತವೆ. ಕತೆ ಬರೆಯುವ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು, ಅಂಥ ಧ್ವನಿ ಅದು.

ನನ್ನ ತಕರಾರು ಇರುವುದೂ ಈ ಧ್ವನಿಯ ಬಗ್ಗೆಯೇ. ಇಡೀ ಕಾದಂಬರಿಯಲ್ಲಿ ಒಂದೇ ತಲೆಯಿದೆ. ಆ ತಲೆ ನಂಬಿದ್ದನ್ನೇ ಓದುಗನೂ ನಂಬಬೇಕಾಗುತ್ತದೆ. ಕ್ಲಫ್ ನಂಬಿದ್ದು, ತಾನಿಲ್ಲದೆ ಡರ್ಬಿ ಇಲ್ಲ ಎಂದು. ಮಂಡಳಿಯವರು ಹಾಗಾಗಿ ಸಣ್ಣ ಮನಸ್ಸಿನ ವ್ಯಾಪಾರಿಗಳಾಗಿ, ಅಡ್ಡಗಾಲು ಹಾಕುವವರಾಗಿಯೇ ಉಳಿಯುತ್ತಾರೆ. ತಮ್ಮನ್ನು ಕೇಳದೆ ದಾಖಲೆ ಮೊತ್ತ ಖರ್ಚು ಮಾಡುವ ನೌಕರನ ಬಗ್ಗೆ ಕ್ಲಬ್ಬಿನ ಜವಾಬ್ದಾರಿ ಹೊತ್ತವರಿಗೆ ನ್ಯಾಯವಾದ ಭಯವೂ ಇರಬಹುದಲ್ಲವೇ? ಅದನ್ನು ಕೇಳುವ ಕಿವಿ ಕಾದಂಬರಿಗಿಲ್ಲ.

ಮುಂದೆ ನಡೆದದ್ದು ಏನು? ಡರ್ಬಿಯವರು ಡೇವ್ ಮೆಕೈಯನ್ನು ತಂದರು. ಕ್ಲಫ್‌ನ ಕೈಕೆಳಗೆ ಇದೇ ತಂಡದ ನಾಯಕನಾಗಿ ಆಡಿದವನು, 1971ರಲ್ಲಿ ಬಿಟ್ಟುಹೋಗಿ ಸ್ವಿಂಡನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬುಗಳ ಮ್ಯಾನೇಜರ್ ಆಗಿದ್ದವನು. ಬಂದ ಮೊದಲ ದಿನಗಳಲ್ಲಿ ಅವನ ಆಟಗಾರರೇ ಅವನ ಪರವಾಗಿರಲಿಲ್ಲ. ಅವನು ಕೂಗಾಡಲಿಲ್ಲ, ಟೆಲಿವಿಷನ್ನಿಗೂ ಓಡಲಿಲ್ಲ. ಆ ಋತುವಿನಲ್ಲಿ ಡರ್ಬಿ ಮೂರನೇ ಸ್ಥಾನಕ್ಕೆ ಬಂತು. ಮರುವರ್ಷ, 1975ರಲ್ಲಿ, ಮತ್ತೆ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಅಡಿಪಾಯ ಕ್ಲಫ್ ಹಾಕಿದ್ದು ಎನ್ನಬಹುದು, ನಿಜ. ಆದರೆ ಅಡಿಪಾಯದ ಮೇಲೆ ಗೋಡೆ ತಾನಾಗಿ ಏಳುವುದಿಲ್ಲ. ಕಾದಂಬರಿ 1974ರ ಸೆಪ್ಟೆಂಬರಿಗೇ ನಿಲ್ಲುವುದರಿಂದ ಅದಕ್ಕೆ ಈ ಪ್ರಶ್ನೆ ಎದುರಾಗುವುದೇ ಇಲ್ಲ.

2009ರಲ್ಲಿ ಬಂದ ಸಿನಿಮಾ (ನಿರ್ದೇಶನ ಟಾಮ್ ಹೂಪರ್, ಚಿತ್ರಕತೆ ಪೀಟರ್ ಮಾರ್ಗನ್) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೆಕೈ ಆಟಗಾರನಾಗಿದ್ದವನು ಸೀದಾ ಹೋಗಿ ಯಜಮಾನನ ಕುರ್ಚಿ ಹಿಡಿದ ಎಂಬ ಭಾವನೆ ಹುಟ್ಟಿಸಿತು. ಮೆಕೈ ಕಾನೂನಿನ ಮೊರೆ ಹೋದ. ತಯಾರಕರು ಕ್ಷಮೆ ಕೇಳಬೇಕಾಯಿತು. ಕಾದಂಬರಿಯ ವಿಷಯದಲ್ಲೂ ಹೀಗೇ ಆಗಿತ್ತು. ಲೀಡ್ಸಿನ ಆಟಗಾರ ಜಾನಿ ಜೈಲ್ಸ್ ತನ್ನ ಬಗ್ಗೆ ಬರೆದದ್ದು ಸುಳ್ಳೆಂದು ಕಾನೂನು ಕ್ರಮ ಕೈಗೊಂಡಾಗ ಪ್ರಕಾಶಕರು ಕೆಲವು ಭಾಗಗಳನ್ನು ತೆಗೆಯಲು ಒಪ್ಪಿಕೊಂಡರು. ಕ್ಲಫ್ 2004ರಲ್ಲಿ ತೀರಿಕೊಂಡಿದ್ದ. ಅವನ ಪತ್ನಿಗೂ ಮಕ್ಕಳಿಗೂ ಈ ಪುಸ್ತಕ ನೋವುಂಟುಮಾಡಿತು.

ಸತ್ತವರ ಒಳ್ಳೆಯದನ್ನೇ ನೆನೆಯಬೇಕೆಂಬ ಮಾತು ನಮ್ಮ ಮನೆಗಳಲ್ಲಿದೆ. ಕತೆಗಾರ ಅದಕ್ಕೆ ಕಟ್ಟುಬಿದ್ದರೆ ಕತೆ ಬರೆಯುವುದೇ ಆಗದು, ಒಪ್ಪುತ್ತೇನೆ. ಆದರೆ ಇಲ್ಲಿ ವಿಷಯ ಬೇರೆ. ಕಲ್ಪಿತ ಪಾತ್ರಕ್ಕೆ ನಾವು ಏನು ಕುಡಿಸಿದರೂ ಆ ಪಾತ್ರದ ಹೆಂಡತಿ ಮಾರುಕಟ್ಟೆಯಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಿಜವಾದ ಹೆಸರಿಟ್ಟು, ನಿಜವಾದ ದಿನಾಂಕಗಳನ್ನಿಟ್ಟು ನಡುವೆ ಕಲ್ಪನೆಯನ್ನು ತುಂಬಿದಾಗ ಓದುಗ ಹೊಲಿಗೆಯ ಗುರುತು ಹುಡುಕುತ್ತಾ ಕೂರುವುದಿಲ್ಲ. ಎಲ್ಲವನ್ನೂ ನಡೆದದ್ದೆಂದೇ ಇಟ್ಟುಕೊಳ್ಳುತ್ತಾನೆ. ಸತ್ತ ನಾಯಕನಿಗೆ ಕೊನೆಯ ಪಕ್ಷ ಇಡೀ ಪುಸ್ತಕದ ಸಹಾನುಭೂತಿ ಸಿಕ್ಕಿದೆ. ಪಕ್ಕದಲ್ಲಿ ನಿಂತ ಜೈಲ್ಸ್‌ನಂಥವರಿಗೆ ಸಿಕ್ಕಿದ್ದು ಅಪವಾದ ಮಾತ್ರ.

ಪೀಸ್‌ಗೂ ಇದು ಹೊಳೆದಿರಬೇಕು ಎಂದು ಅವನ ಇನ್ನೊಂದು ಕಾದಂಬರಿ ಓದಿದಾಗ ಅನಿಸುತ್ತದೆ. 2013ರ 'ರೆಡ್ ಆರ್ ಡೆಡ್' ಲಿವರ್‌ಪೂಲಿನ ಮ್ಯಾನೇಜರ್ ಬಿಲ್ ಶ್ಯಾಂಕ್ಲಿಯ ಕತೆ. 1959ರ ಡಿಸೆಂಬರಿನಲ್ಲಿ ಎರಡನೇ ದರ್ಜೆಯ ಕ್ಲಬ್ಬಿಗೆ ಬಂದವನು ಮೂರು ಬಾರಿ ಲೀಗ್ ಗೆಲ್ಲಿಸಿ, 1974ರ ಜುಲೈನಲ್ಲಿ, ಎಲ್ಲರೂ ಬೇಡವೆನ್ನುತ್ತಿರುವಾಗ ಬಿಟ್ಟ. ಅಂದರೆ ಅಲ್ಲಿ ಕೈ ಹಿಡಿದವರಿದ್ದರು, ಇವನೇ ಬಿಡಿಸಿಕೊಂಡ. ಅದೇ ಆಗಸ್ಟಿನಲ್ಲಿ ವೆಂಬ್ಲಿ ಮೈದಾನದಲ್ಲಿ ಲಿವರ್‌ಪೂಲಿಗೂ ಲೀಡ್ಸಿಗೂ ಪಂದ್ಯವಾದಾಗ ಒಂದು ತಂಡದ ಮುಂದೆ ಶ್ಯಾಂಕ್ಲಿ, ಇನ್ನೊಂದರ ಮುಂದೆ ಕ್ಲಫ್ ನಡೆದು ಬಂದರು. ಒಬ್ಬ ಆಗಲೇ ಹೊರಟವನು, ಇನ್ನೊಬ್ಬ ಕೆಲವೇ ವಾರಗಳಲ್ಲಿ ಹೊರಡಬೇಕಾದವನು.

ಏಳುನೂರಕ್ಕೂ ಹೆಚ್ಚು ಪುಟಗಳ ಈ ಕಾದಂಬರಿ ಓದಲು ಕಷ್ಟ. ಒಂದೇ ಮಾತು, ಒಂದೇ ಕ್ರಮ, ಪಂದ್ಯದಿಂದ ಪಂದ್ಯಕ್ಕೆ, ತಸ್ಬೀಹ್ ಎಣಿಸಿದಂತೆ. ಹಲವರು ನೂರನೇ ಪುಟಕ್ಕೆ ಬಿಟ್ಟಿರುತ್ತಾರೆ, ಅವರನ್ನು ದೂರುವುದಿಲ್ಲ. ಆದರೆ ದ್ವಿತೀಯಾರ್ಧದಲ್ಲಿ ಆ ಕ್ರಮಕ್ಕೆ ಅರ್ಥ ಬರುತ್ತದೆ. ಕೆಲಸ ಬಿಟ್ಟ ಮನುಷ್ಯ ಮನೆಯಲ್ಲಿದ್ದಾನೆ. ಅದೇ ಶಿಸ್ತಿನಿಂದ ಮನೆಗೆಲಸ ಮಾಡುತ್ತಾನೆ, ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆಯುತ್ತಾನೆ. ಅಭ್ಯಾಸದ ಮೈದಾನದ ಕಡೆಗೆ ಕಾಲು ತಾನಾಗಿ ಎಳೆಯುತ್ತದೆ. ಅಲ್ಲಿ ಆಟಗಾರರು ಅವನನ್ನು ಹಳೆಯ ಅಭ್ಯಾಸದಂತೆ 'ಬಾಸ್' ಎಂದು ಕರೆಯುತ್ತಾರೆ, ಹೊಸ ಬಾಸ್ ಪಕ್ಕದಲ್ಲೇ ನಿಂತಿರುತ್ತಾನೆ. ಕೊನೆಗೆ ಅವನು ಬಾರದಿರುವುದೇ ಒಳ್ಳೆಯದು ಎಂದು ಕ್ಲಬ್ಬಿಗೆ ಅನಿಸುತ್ತದೆ. ನಿವೃತ್ತರಾದ ಮೇಲೂ ಶಾಲೆಯ ಗೇಟಿನ ಬಳಿ ಗಂಟೆ ಹೊಡೆಯುವ ಹೊತ್ತಿಗೆ ಬಂದು ನಿಲ್ಲುವ ಹೆಡ್‌ಮಾಸ್ತರರನ್ನು ಕಂಡವರಿಗೆ ಈ ಪುಟಗಳು ಇಂಗ್ಲೆಂಡಿನವು ಎಂದು ಅನಿಸುವುದಿಲ್ಲ. ಎರಡರಲ್ಲಿ ದೊಡ್ಡ ಕಾದಂಬರಿ ಇದೇ ಎಂದು ನನ್ನ ಅಭಿಪ್ರಾಯ, ಜನ ಓದುವುದು ಇನ್ನೊಂದನ್ನಾದರೂ.

ಹೊಸ ಬಾಸ್ ಬಾಬ್ ಪೈಸ್ಲಿ. ಶ್ಯಾಂಕ್ಲಿಯ ಹಿಂದೆ ವರ್ಷಗಟ್ಟಲೆ ನಿಂತವನು, ಮಾತು ಕಡಿಮೆ, ಆ ಹುದ್ದೆಯನ್ನು ಬಯಸಿದವನೂ ಅಲ್ಲ. ಒಂಬತ್ತು ವರ್ಷಗಳಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್. ಮೆಕೈಯ ಹಾಗೆ ಇವನಿಗೂ ಪೀಸ್ ಕಾದಂಬರಿ ಬರೆಯಲಿಲ್ಲ. ನಮ್ಮ ಕಸುಬೇ ಹಾಗೆ. ಬಾಗಿಲು ಜೋರಾಗಿ ಹಾಕಿಕೊಂಡು ಹೋದವನ ಹಿಂದೆ ಓಡುತ್ತೇವೆ, ಮರುದಿನ ಬಂದು ಬಾಗಿಲು ತೆರೆದವನನ್ನು ನೋಡುವುದಿಲ್ಲ.

ಇನ್ನು ಟೇಲರ್. ಡರ್ಬಿಯಲ್ಲಿ ಕ್ಲಫ್‌ನ ಜೊತೆ ರಾಜೀನಾಮೆ ಕೊಟ್ಟ, ಬ್ರೈಟನ್ನಿಗೂ ಜೊತೆಗೇ ಹೋದ. ಲೀಡ್ಸಿಗೆ ಮಾತ್ರ ಬರಲಿಲ್ಲ. ಸಿನಿಮಾದ ಕೊನೆಯಲ್ಲಿ ಕ್ಲಫ್ ಹೋಗಿ ಅವನ ಮುಂದೆ ಮಂಡಿಯೂರಿ ಕ್ಷಮೆ ಬೇಡುತ್ತಾನೆ, ಇಬ್ಬರೂ ಒಂದಾಗುತ್ತಾರೆ. ಟಿಮೊಥಿ ಸ್ಪಾಲ್ ಮತ್ತು ಮೈಕಲ್ ಶೀನ್ ಚೆನ್ನಾಗಿ ಅಭಿನಯಿಸಿದ್ದಾರೆ, ಕಣ್ಣು ಒದ್ದೆಯಾಗುತ್ತದೆ. ನಿಜದಲ್ಲಿ ಟೇಲರ್ ಮತ್ತೆ ಜೊತೆಗೂಡಿದ್ದು 1976ರಲ್ಲಿ, ನಾಟಿಂಗ್‌ಹ್ಯಾಮ್ ಫಾರೆಸ್ಟಿನಲ್ಲಿ. ಇಬ್ಬರೂ ಸೇರಿ 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದರು. ಅದೂ ಸಿನಿಮಾದ ಕೊನೆಯ ಬರಹದಲ್ಲಿದೆ. ಆಮೇಲಿನದು ಹೀಗೆ: ಟೇಲರ್ ಫಾರೆಸ್ಟನ್ನು ಬಿಟ್ಟ, 1982ರಲ್ಲಿ ಹಳೆಯ ಡರ್ಬಿಗೇ ಮ್ಯಾನೇಜರ್ ಆಗಿ ಹೋದ, 1983ರಲ್ಲಿ ಫಾರೆಸ್ಟಿನ ಜಾನ್ ರಾಬರ್ಟ್‌ಸನ್ ಎಂಬ ಆಟಗಾರನನ್ನು ಗೆಳೆಯನಿಗೆ ತಿಳಿಸದೆ ಸೇರಿಸಿಕೊಂಡ. ಕ್ಲಫ್ ಮಾತು ಬಿಟ್ಟ. ಡರ್ಬಿಗೂ ನಾಟಿಂಗ್‌ಹ್ಯಾಮಿಗೂ ನಡುವೆ ಹದಿನೈದು ಮೈಲಿ ದೂರ. ಏಳು ವರ್ಷ ಇಬ್ಬರೂ ಒಂದು ಮಾತು ಆಡಲಿಲ್ಲ. 1990ರ ಅಕ್ಟೋಬರಿನಲ್ಲಿ ಟೇಲರ್ ತೀರಿಕೊಂಡಾಗ ಕ್ಲಫ್ ಅಂತ್ಯಕ್ರಿಯೆಗೆ ಹೋಗಿದ್ದ.