ಎರಡನೆಯ ‘ಟಕ್’

ಆರಿದ್ರಾ ಮಳೆ ಎರಡು ದಿನ ಬಿಡದೆ ಹಿಡಿದಿತ್ತು. ಹಂಸಭಾವಿಯಲ್ಲಿ ಹೊಲದ ಕಡೆ ಕಾಲಿಡುವಂತಿರಲಿಲ್ಲ. ತಿಂಗಳುಗಟ್ಟಲೆ ಮುಂದೂಡಿದ್ದ ಎರಡು ಕೆಲಸಗಳನ್ನು ತಗಡಿನ ಶೆಡ್ಡಿನಲ್ಲಿ ಕೈಗೆತ್ತಿಕೊಂಡೆ. ಒಂದು ನಮ್ಮ ಹಳೆಯ ಓಮ್ನಿಯ ಸರಿಯುವ ಬಾಗಿಲಿನ ಕೀಲಿ, ಇನ್ನೊಂದು ಹೀಟರಿನ ಫ್ಯಾನು.

1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು, 1988ರಲ್ಲಿ ಓಮ್ನಿಯಾಗಿ, 2019ರವರೆಗೆ ತಯಾರಾದ ಈ ಗಾಡಿ ನಮ್ಮ ಸೀಮೆಯಲ್ಲಿ ಹೊರದ ಹೊರೆಯಿಲ್ಲ. ಶಾಲೆ ಮಕ್ಕಳು, ಬೀಜದ ಚೀಲ, ಮದುವೆ ಮನೆಯ ಹಂಡೆ, ತವರಿಗೆ ಹೊರಟ ಬಾಣಂತಿ, ಎಲ್ಲವೂ ಅದರಲ್ಲಿ ಹೋಗಿವೆ. ನಮ್ಮದಕ್ಕೆ ಒಳಗೆ ಹಲಗೆ ಹಾಸಿ ಇಬ್ಬರು ಮಲಗುವಂತೆ ಮಾಡಿದ್ದೇವೆ. ಹಲಗೆಯ ಕೆಳಗೆ ಒಲೆ, ನೀರಿನ ಕ್ಯಾನು. ಹಾನಗಲ್ಲು, ಶಿರಸಿ ದಾಟಿ ದೇವಿಮನೆ ಘಟ್ಟವಿಳಿದು ಕುಮಟೆಗೆ ಹೋಗುವಾಗ ದಾರಿಯಲ್ಲೇ ರಾತ್ರಿ ಕಳೆಯುತ್ತೇವೆ. ಮಲಗುವ ಗಾಡಿಯೆಂದ ಮೇಲೆ ಬಾಗಿಲು ನಂಬುವಂತಿರಬೇಕು.

ಬಾಗಿಲು ಹಾಕಿದಾಗ ಎರಡು ಸಲ ‘ಟಕ್’ ಎನ್ನಬೇಕು. ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ. ನಮ್ಮದು ಒಂದೇ ಸಲ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಜೋರಾಗಿ ಬಡಿದರೆ ಎರಡನೆಯದೂ ಕೇಳುತ್ತಿತ್ತೇನೋ ನಿಜ, ಆದರೆ ಬಡಿದಷ್ಟೂ ಹಿಡಿಕೆಯನ್ನು ಕೀಲಿಗೆ ಜೋಡಿಸುವ ಒಳಗಿನ ಸಲಾಕೆ ಹಿಡಿದ ಪ್ಲಾಸ್ಟಿಕ್ ಕ್ಲಿಪ್ಪಿಗೆ ಏಟು. ಹೊಸ ಕೀಲಿ ತರಲು ರಾಣೆಬೆನ್ನೂರಿಗೆ ಹೊರಟಿದ್ದೆ. ಊರಿನ ಮಿಸ್ತ್ರಿ ತಡೆದರು. ಬಾಗಿಲನ್ನು ಅರ್ಧ ಸರಿಸಿ, ಹಿಂದಿನ ತುದಿ ಹಿಡಿದು ಮೇಲಕ್ಕೆತ್ತಿದರು. ಕಿರುಬೆರಳಿನ ದಪ್ಪದಷ್ಟು ಎದ್ದಿತು.

“ಕೀಲಿ ಕೆಟ್ಟಿಲ್ರೀ ಅಣ್ಣಾರ, ಬಾಗಲಾ ಜೋತ ಬಿದ್ದೈತಿ.”

ಬಗ್ಗಿ ನೋಡಿದೆ. ಬಾಗಿಲ ಚೌಕಟ್ಟಿನ ಕಂಬದ ಮೇಲೆ ಕೀಲಿ ಕಚ್ಚುವ ಕೊಂಡಿಯ ಕೆಳಅಂಚು ಮಾತ್ರ ತಿಕ್ಕಿ ತಿಕ್ಕಿ ಬೆಳ್ಳಿಯಂತೆ ಹೊಳೆಯುತ್ತಿತ್ತು, ಉಳಿದ ಭಾಗದಲ್ಲಿ ಧೂಳು ಹಾಗೇ ಕೂತಿತ್ತು. ಇಷ್ಟು ದಿನ ನನ್ನ ಕಣ್ಣೆದುರೇ ಇದ್ದ ಗುರುತದು. ಹಳಿಯ ರೋಲರ್ ಒಂದು ಮಗ್ಗುಲಿಗೆ ಸವೆದಿತ್ತು. ಅದನ್ನು ಬದಲಿಸಿ, ಹಳಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದೆವು. ಈಗ ಎರಡು ಬೆರಳಿನಲ್ಲಿ ತಳ್ಳಿದರೆ ಸಾಕು, ಟಕ್, ಟಕ್. ಆ ಎರಡನೆಯ ಸದ್ದು ಕೇಳಲೆಂದೇ ಅವತ್ತು ಹತ್ತಾರು ಸಲ ಬಾಗಿಲು ತೆರೆದು ಹಾಕಿದೆ.

ಚಾವಿ ಹಾಕುವ ಕಿಂಡಿಗೆ ಮಾತ್ರ ಎಣ್ಣೆ ಬಿಡಬೇಡಿ. ಒಳಗಿನ ತೆಳು ಪಟ್ಟಿಗಳಿಗೆ ಎಣ್ಣೆಯೂ ಧೂಳೂ ಸೇರಿ ಅಂಟಾಗುತ್ತದೆ. ಪೆನ್ಸಿಲ್ಲಿನ ಕಡ್ಡಿಯನ್ನು ನುಣ್ಣಗೆ ಪುಡಿ ಮಾಡಿ ಊದಿದರೆ ಸಾಕು. ನಕಲಿ ಚಾವಿ ಮಾಡಿಸುವಾಗ ದಿನಾ ಬಳಸಿ ಸವೆದದ್ದನ್ನು ಕೊಡದೆ, ಪೆಟ್ಟಿಗೆಯಲ್ಲಿ ಮಲಗಿರುವ ಎರಡನೆಯದನ್ನು ಕೊಡಿ. ಸವೆದ ಚಾವಿಯ ನಕಲಿಗೆ ಸವಕಲೂ ನಕಲಾಗಿ ಬರುತ್ತದೆ.

ಇನ್ನು ಫ್ಯಾನು. ನಮ್ಮ ಬಿಸಿಲುನಾಡಿನಲ್ಲಿ ಹೀಟರ್ ಯಾಕೆ ಎಂದು ಕೇಳುವವರು ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ನೋಡಬೇಕು. ನಮ್ಮ ಉಸಿರಿನ ಪಸೆಯೇ ತಣ್ಣನೆಯ ಗಾಜಿಗೆ ಹತ್ತಿ ಎದುರಿನ ತಿರುವು ಮಾಯವಾಗುತ್ತದೆ. ಬಿಸಿಗಾಳಿ ಹೊಡೆದರೆ ನಿಮಿಷಗಳಲ್ಲಿ ಗಾಜು ತಿಳಿಯಾಗುತ್ತದೆ. ಘಟ್ಟ ಹತ್ತುವಾಗ ಇಂಜಿನ್ ಕಾದರೂ ಹೀಟರ್ ಪೂರ್ತಿ ತಿರುಗಿಸಿದರೆ ಒಂದಿಷ್ಟು ಕಾವು ಹೊರಬಿದ್ದು ಇಂಜಿನ್ನಿಗೆ ಉಸಿರಾಡಲು ಆಸ್ಪದವಾಗುತ್ತದೆ.

ನಮ್ಮ ಫ್ಯಾನು ಪೂರ್ತಿ ವೇಗದಲ್ಲಿ ಮಾತ್ರ ತಿರುಗುತ್ತಿತ್ತು, ಸಣ್ಣ ವೇಗಗಳು ಸತ್ತಿದ್ದವು. ಅಂದರೆ ಮೋಟರ್ ಜೀವಂತ, ಸುಟ್ಟದ್ದು ರೆಸಿಸ್ಟರ್. ಸಣ್ಣ ವೇಗಕ್ಕೆ ಕರೆಂಟು ಅದರ ಸುರುಳಿಯ ಮೂಲಕ ಹಾಯುತ್ತದೆ, ಪೂರ್ತಿ ವೇಗಕ್ಕೆ ನೇರ ಹೋಗುತ್ತದೆ. ಸುರುಳಿ ಕಾಯುವುದರಿಂದ ಅದನ್ನು ಫ್ಯಾನಿನ ಗಾಳಿಯ ದಾರಿಯಲ್ಲೇ ಕೂಡಿಸಿರುತ್ತಾರೆ. ಗಾಳಿ ಸೊರಗಿದರೆ ಸುರುಳಿ ಸುಡುತ್ತದೆ. ಹಾಗಾಗಿ ಹೊಸದನ್ನು ಹಾಕಿ ಕೈತೊಳೆದುಕೊಂಡರೆ ಅದೂ ಸುಡುವುದೇ. ಗಾಳಿ ಯಾಕೆ ಸೊರಗಿತು ಎಂಬುದನ್ನು ಹುಡುಕಬೇಕು.

ಫ್ಯಾನು ಬಿಚ್ಚಿದೆವು. ರೆಕ್ಕೆಗಳ ಸಂದಿಯೆಲ್ಲ ಕಡುಗೆಂಪು. ಹಿಂದಿನ ಮಾಲೀಕರ ಕಾಲದಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತ ಗಾಡಿಯಿದು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು ಎನ್ನುತ್ತಾರಲ್ಲ, ಆ ಬಣ್ಣ ನನ್ನ ಉಗುರಿನಲ್ಲಿ ಮಾರನೆಯ ದಿನವೂ ಇತ್ತು. ಪುಡಿಯ ಜೊತೆ ಇಲಿ ಹರಿದ ಅರಳೆ. ಬ್ರಶ್ಶಿನಿಂದ ತೆಗೆದು, ಒಣಗಿದ ಬುಶ್ಶಿಗೆ ಒಂದು ಹನಿ ಮಶೀನ್ ಎಣ್ಣೆ ಬಿಟ್ಟೆವು. ಕಂದುಗಟ್ಟಿದ್ದ ವೈರಿನ ಕಪ್ಲರನ್ನೂ ಬದಲಿಸಿದೆವು.

ಫ್ಯೂಸಿನ ಜಾಗದಲ್ಲಿ ಯಾರೋ ತಾಮ್ರದ ತಂತಿ ಸುತ್ತಿದ್ದರು. ಇದನ್ನು ಮಾತ್ರ ನಾನು ಕ್ಷಮಿಸಲಾರೆ. ಫ್ಯಾನು ಬಿಗಿದುಕೊಂಡ ದಿನ ಫ್ಯೂಸ್ ಹೋಗುತ್ತದೆ, ಗಾಡಿ ಉಳಿಯುತ್ತದೆ. ತಂತಿ ಹಾಗೆ ಹೋಗುವುದಿಲ್ಲ, ಕಾಯುತ್ತಲೇ ಇರುತ್ತದೆ. ಪೆಟ್ರೋಲ್ ಗಾಡಿಯದು, ಒಳಗೆ ಜನ ಮಲಗುತ್ತಾರೆ.

ಹಿಂದಿನ ಬಾಗಿಲು ಇನ್ನೂ ಉಳಿದಿದೆ. ಚಾವಿ ಸಲೀಸಾಗಿ ತಿರುಗುತ್ತದೆ, ಒಳಗೆ ಏನೂ ಕದಲುವುದಿಲ್ಲ. ಸಲಾಕೆ ಕಳಚಿರಬೇಕು. ಮಳೆ ಬಿಟ್ಟರೆ ಮಿಸ್ತ್ರಿ ಭಾನುವಾರ ಬರುತ್ತಾರೆ.